ಒಳಗೆ ಎರಡು ಬೆರಳು ಬಟ್ಟೆ

ಬರ್ಲಿನ್ನಿಗೆ ಬಂದ ಮೇಲೆ ನಾನು ಹೊಲಿದ ಮೊದಲ ಲಂಗ ಸೊಂಟಕ್ಕೆ ಏರಲೇ ಇಲ್ಲ. ಮೂರು ಸಂಜೆ ಕೂತು ಹೊಲಿದದ್ದು ತೊಡೆಯ ಹತ್ತಿರ ಬಂದು ನಿಂತುಬಿಟ್ಟಿತು. ವಿಡಿಯೊ ಕರೆಯಲ್ಲಿ ಅದನ್ನು ಒಳಹೊರಗು ಮಾಡಿ ತೋರಿಸಿದೆ. ಗುಳೇದಗುಡ್ಡದಲ್ಲಿ ಕೂತ ಅವ್ವ ಕೇಳಿದ್ದು ಒಂದೇ ಮಾತು: "ಒಳಗೆ ಬಟ್ಟೆ ಬಿಟ್ಟಿಲ್ಲವೇನು?"

ಬಿಟ್ಟಿರಲಿಲ್ಲ. ಇಲ್ಲಿ ಮನೆಯಲ್ಲಿ ಹೊಲಿದುಕೊಳ್ಳುವವರು ಟೈಲರ್ ಹಾಗೆ ಬಟ್ಟೆಯ ಮೇಲೆ ನೇರವಾಗಿ ಸೀಮೆಸುಣ್ಣ ಎಳೆಯುವುದಿಲ್ಲ; ಅಚ್ಚಾದ ಕಾಗದದ ನಕ್ಷೆ ಬಳಸುತ್ತಾರೆ. ಅಂಥ ನಕ್ಷೆಗಳಿಗೆ ಹೆಸರಾದದ್ದು 'ಬುರ್ಡಾ' ಪತ್ರಿಕೆ. ಯುದ್ಧದ ಗಾಯ ಇನ್ನೂ ಆರದಿದ್ದ 1950ರಲ್ಲಿ ಎನ್ನೆ ಬುರ್ಡಾ ಎಂಬ ಮಹಿಳೆ ಇದನ್ನು ಹೊರತಂದರು. 1952ರಿಂದ ಅದರೊಳಗೆ ನಿಜ ಅಳತೆಯ ನಕ್ಷೆಯ ಹಾಳೆಗಳು ಬರತೊಡಗಿದವು. ಹಾಳೆಯನ್ನು ಬಿಡಿಸಿ ನೋಡಿದರೆ ಹತ್ತು ಜನ ಒಂದೇ ಅಂಗಳದಲ್ಲಿ ಒಂದರ ಮೇಲೊಂದು ರಂಗೋಲಿ ಹಾಕಿದಂತಿರುತ್ತದೆ. ನಮ್ಮ ಅಳತೆಯ ಗೆರೆಯನ್ನು ಹುಡುಕಿ ತೆಳುಕಾಗದಕ್ಕೆ ಇಳಿಸಿಕೊಳ್ಳಬೇಕು. ಆದರೆ ಅದು ಹೊಲಿಗೆ ಬೀಳುವ ಗೆರೆ, ಕತ್ತರಿ ಆಡಿಸುವ ಗೆರೆಯಲ್ಲ. ಅದರ ಆಚೆಗೆ ಒಂದೂವರೆ ಸೆಂಟಿಮೀಟರ್ ಬಟ್ಟೆಯನ್ನು ನಾವೇ ಸೇರಿಸಿಕೊಳ್ಳಬೇಕು. ಸೂಚನೆಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿತ್ತು, ನಾನು ಓದದೆ ದಾಟಿಹೋಗಿದ್ದೆ. ಎರಡು ಪಕ್ಕದ ಹೊಲಿಗೆ, ಹಿಂದೆ ಜಿಪ್ಪಿನದೊಂದು. ಪ್ರತಿ ಹೊಲಿಗೆಗೆ ಎರಡು ಅಂಚು. ಒಟ್ಟು ಒಂಬತ್ತು ಸೆಂಟಿಮೀಟರ್ ಸುತ್ತಳತೆ ಹೊಲಿಗೆಯ ಹೊಟ್ಟೆಗೆ ಹೋಗಿತ್ತು.

ಚಿಕ್ಕವಳಿದ್ದಾಗ ಟೈಲರ್ ಅಂಗಡಿಯ ಕಟ್ಟೆಯ ಮುಂದೆ ನಿಂತು ಅವ್ವ ಪ್ರತಿ ಸಲ ಹೇಳುತ್ತಿದ್ದಳು: "ಬೆಳೆಯುವ ಹುಡುಗಿ, ಒಳಗೆ ಎರಡು ಬೆರಳು ಬಟ್ಟೆ ಬಿಡಪ್ಪ." ವರ್ಷಕ್ಕೊಮ್ಮೆ ಆ ಹೊಲಿಗೆ ಬಿಚ್ಚಿ ಪರಕಾರವನ್ನು ಅಗಲ ಮಾಡುತ್ತಿದ್ದಳು. ಮಾಸದೆ ಉಳಿದ ಒಳಬಟ್ಟೆಯ ಬಣ್ಣ ಪಕ್ಕದಲ್ಲಿ ಒಂದು ಪಟ್ಟಿಯಾಗಿ ಕಾಣುತ್ತಿತ್ತು. ಆಗ ಅದನ್ನು ಮುಚ್ಚಿಕೊಳ್ಳಲು ಕೈ ಅಡ್ಡ ಹಿಡಿಯುತ್ತಿದ್ದೆ. ಈಗ ಆ ಪಟ್ಟಿಯನ್ನು ನೆನೆದರೆ ಎದೆ ತುಂಬಿ ಬರುತ್ತದೆ.

ಅಂಗಡಿಯಲ್ಲಿ ಕೊಳ್ಳಬಾರದೇ ಎಂದು ಊರಿನಿಂದ ಕೇಳುತ್ತಾರೆ. ಕೊಂಡು ನೋಡಿದ್ದೇನೆ, ನನ್ನ ಮೈಗೆ ಕೂರುವುದಿಲ್ಲ. ನಕ್ಷೆಗಳದೂ ಅದೇ ಕಥೆ: ಇಲ್ಲಿನ ಸಾಮಾನ್ಯ ಅಳತೆಯ ನಕ್ಷೆಗಳು 168 ಸೆಂಟಿಮೀಟರ್ ಎತ್ತರದ ಹೆಂಗಸನ್ನು ಲೆಕ್ಕಕ್ಕೆ ಇಟ್ಟುಕೊಂಡಿರುತ್ತವೆ; ನಾನು 155. ಉದ್ದವನ್ನು ಕೆಳಗೆ ಕತ್ತರಿಸಿದರೆ ಸರಿಹೋಗುವ ವಿಷಯವಲ್ಲ ಇದು. ಲಂಗ ಅಗಲವಾಗಬೇಕಾದ ಜಾಗ ನನ್ನ ನಿತಂಬಕ್ಕಿಂತ ಕೆಳಗೆ ಬೀಳುತ್ತದೆ, ಹೊಟ್ಟೆಯ ಹತ್ತಿರ ಬಟ್ಟೆ ಸುಕ್ಕುಗಟ್ಟುತ್ತದೆ. ನಕ್ಷೆಯನ್ನು ಸೊಂಟಕ್ಕೂ ನಿತಂಬಕ್ಕೂ ನಡುವೆ ಅಡ್ಡ ಮಡಿಚಿ ಎರಡು ಸೆಂಟಿಮೀಟರ್ ಕಡಿಮೆ ಮಾಡಿದ ದಿನ ಲಂಗ ಮೊದಲ ಸಲ ನನ್ನದಾಯಿತು. ಅದರ ಜೊತೆಗೆ ಜೇಬು. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವಳಿಗೆ ಬೀಗದ ಕೈ, ಮೊಬೈಲು ಇಡಲು ಜಾಗ ಬೇಕು. ಹೆಂಗಸರ ಬಟ್ಟೆಗೆ ಜೇಬಿಡದ ರೂಢಿಯನ್ನು ನಾನು ಒಪ್ಪುವುದೇ ಇಲ್ಲ. ಜೇಬಿನ ಚೀಲದ ಮೇಲಂಚನ್ನು ಸೊಂಟಪಟ್ಟಿಯೊಳಗೆ ಸೇರಿಸಿ ಹೊಲಿಯಿರಿ. ಆಗ ಮೊಬೈಲಿನ ಭಾರಕ್ಕೆ ಲಂಗ ಒಂದು ಪಕ್ಕಕ್ಕೆ ಜೋಲುವುದಿಲ್ಲ.

ಹೊಲಿಗೆ ಯಂತ್ರ ಕೊಟ್ಟವರು ಎರಡನೆಯ ಮಹಡಿಯ ಅಜ್ಜಿ. ಪೂರ್ವ ಜರ್ಮನಿಯ ಕಾಲದಲ್ಲಿ ಸಂಸಾರ ಮಾಡಿದವರು. "ಅಂಗಡಿಯಲ್ಲಿ ಬೇಕಾದದ್ದು ಸಿಗುತ್ತಿರಲಿಲ್ಲ, ಸಿಕ್ಕಿದ್ದು ಬೇಕಾಗುತ್ತಿರಲಿಲ್ಲ. ಹಾಸಿಗೆ ಬಟ್ಟೆಗೆ ಬಣ್ಣ ಹಾಕಿ ಲಂಗ ಹೊಲಿದುಕೊಂಡೆವು" ಎಂದು ಹೇಳುತ್ತಾರೆ. ಆ ಕಡೆಯ ಹೆಂಗಸರು ಓದುತ್ತಿದ್ದ 'ಪ್ರಾಮೊ' ಪತ್ರಿಕೆಯ ನಕ್ಷೆಗಳನ್ನು ಇನ್ನೂ ಡಬ್ಬಿಯಲ್ಲಿ ಮಡಿಚಿಟ್ಟಿದ್ದಾರೆ. ಯಂತ್ರದ ಹೆಸರು ವೆರಿಟಾಸ್, ತಯಾರಾದದ್ದು ವಿಟ್ಟೆನ್‌ಬೆರ್ಗೆ ಎಂಬ ಊರಿನಲ್ಲಿ. ಬರ್ಲಿನ್ನಿನಿಂದ ಹ್ಯಾಂಬುರ್ಗಿಗೆ ಹೋಗುವ ರೈಲಿನ ದಾರಿಯಲ್ಲಿ ಆ ಊರು ಸಿಗುತ್ತದೆ. ಅಲ್ಲಿನ ಕಾರ್ಖಾನೆ ಮೊದಲು ಸಿಂಗರ್ ಕಂಪನಿಯದು. 1928-29ರಲ್ಲಿ ಅವರು ಕಟ್ಟಿಸಿದ ದೊಡ್ಡ ಗಡಿಯಾರ ಗೋಪುರ ಈಗಲೂ ನಿಂತಿದೆ. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆ ಸರ್ಕಾರದ್ದಾಗಿ ವೆರಿಟಾಸ್ ಹುಟ್ಟಿತು. ಎರಡು ಜರ್ಮನಿಗಳು ಒಂದಾದ ಮೇಲೆ, 1990ರ ದಶಕದ ಆರಂಭದಲ್ಲಿ, ಬಾಗಿಲು ಮುಚ್ಚಿತು. ನಮ್ಮ ಮನೆಯ ಕಾಲುತುಳಿತದ ಯಂತ್ರದ ಮೇಲೂ ಬಂಗಾರದ ಬಣ್ಣದಲ್ಲಿ ಸಿಂಗರ್ ಎಂದೇ ಬರೆದಿದೆ ಎಂದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು.

ಯಂತ್ರ ಕೊಟ್ಟ ದಿನವೇ ಟೇಪು ತಂದು ನನ್ನ ಸೊಂಟ ಅಳೆದರು, ನಿತಂಬ ಅಳೆದರು, ಅಲ್ಲಿಂದ ಮೊಣಕಾಲಿನವರೆಗೆ ಅಳೆದರು. ಈ ದೇಶಕ್ಕೆ ಬಂದ ನಾಲ್ಕು ವರ್ಷಗಳಲ್ಲಿ ನನ್ನನ್ನು ಯಾರೂ ಹಾಗೆ ಅಳೆದಿರಲಿಲ್ಲ. ಇಲ್ಲಿ ಜನ ಕೈ ಕುಲುಕುತ್ತಾರೆ, ಅದೂ ಒಂದು ತೋಳಿನಳತೆ ದೂರದಿಂದ. ಅಳತೆಯ ಪಟ್ಟಿ ಬೆನ್ನಿನ ಸುತ್ತ ಬಂದಾಗ ಊರಿನ ಹಬ್ಬದ ಹಿಂದಿನ ವಾರಗಳೆಲ್ಲ ನೆನಪಾದವು.

ಬಟ್ಟೆಗೆ ನಾನು ಹೋಗುವುದು ಮೈಬಾಖುಫರ್ ಎಂಬ ಕಾಲುವೆ ದಂಡೆಗೆ. ಮಂಗಳವಾರ ಮತ್ತು ಶುಕ್ರವಾರ ಅಲ್ಲಿ ತುರ್ಕಿ ವ್ಯಾಪಾರಿಗಳ ಸಂತೆ, ಶನಿವಾರ ಬಟ್ಟೆಯ ಸಂತೆ. ಚಳಿಗಾಲಕ್ಕೆ ಒತ್ತಿ ಬಿಗಿಮಾಡಿದ ಉಣ್ಣೆಬಟ್ಟೆ ಸಿಗುತ್ತದೆ, ನಮ್ಮ ಕಂಬಳಿಯ ಮೆತ್ತನೆಯ ತಂಗಿಯಂತೆ. ಕತ್ತರಿಸಿದ ಅಂಚಿನಿಂದ ಎಳೆ ಬಿಡುವುದಿಲ್ಲವಾದ್ದರಿಂದ ಅದಕ್ಕೆ ಕೆಳಗೆ ಮಡಿಕೆಯೇ ಬೇಡ. ಹೊಸದಾಗಿ ಕಲಿಯುವವರು ಅದರಿಂದಲೇ ಶುರುಮಾಡಬಹುದು. ಒಳಗೆ ಲೈನಿಂಗ್ ಮಾತ್ರ ಹಾಕಲೇಬೇಕು, ಇಲ್ಲದಿದ್ದರೆ ಉಣ್ಣೆಯ ಲಂಗ ಕಾಲುಚೀಲಕ್ಕೆ ಅಂಟಿಕೊಂಡು ಹೆಜ್ಜೆ ಇಡಲು ಬಿಡುವುದಿಲ್ಲ.

ಬೇಸಿಗೆಗೆ ಅರ್ಧವೃತ್ತದ ಲಂಗ. ಅದಕ್ಕೆ ನಕ್ಷೆಯೂ ಬೇಡ, ಶಾಲೆಯ ಗಣಿತ ಸಾಕು. ಸೊಂಟದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಒಳಗಿನ ಬಿಲ್ಲಿನ ತ್ರಿಜ್ಯ ಬರುತ್ತದೆ. ನನ್ನ ಸೊಂಟ 78, ತ್ರಿಜ್ಯ ಹತ್ತಿರಹತ್ತಿರ 25. ಉದ್ದ 62 ಬೇಕೆಂದರೆ ಹೊರಗಿನ ಬಿಲ್ಲು 87ಕ್ಕೆ. 140 ಸೆಂಟಿಮೀಟರ್ ಪನ್ನೆಯ, ಅಂದರೆ ಅಗಲದ, ಬಟ್ಟೆ ಒಂದು ಮೀಟರ್ ತೊಂಬತ್ತು ಇದ್ದರೆ ಲಂಗವಾಗಿ, ಪಕ್ಕದಲ್ಲಿ ಉಳಿದದ್ದರಲ್ಲಿ ಸೊಂಟಪಟ್ಟಿಯೂ ಜೇಬೂ ಆಗುತ್ತವೆ. ನಡುವೆ ಕತ್ತರಿಸಿ ಎರಡು ತುಂಡು ಮಾಡಿಕೊಳ್ಳುತ್ತೇನೆ: ಎಡಕ್ಕೆ ಜಿಪ್, ಬಲಕ್ಕೆ ಜೇಬು. ಎರಡು ಬೆರಳು ಒಳಬಟ್ಟೆಯನ್ನು ಈಗ ಯಾರೂ ನೆನಪಿಸಬೇಕಾಗಿಲ್ಲ.

ಅವ್ವ ಕಳುಹಿಸಿದ ಖಣ ಮಾತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ. ಖಣ ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಪನ್ನೆ ಕಿರಿದು. ಅಂಚು ನೆಟ್ಟಗೆ ಓಡುತ್ತದೆ. ಬಿಲ್ಲಿನಂತೆ ಕತ್ತರಿಸಿದರೆ ಅಂಚೇ ಹೋಯಿತು. ವಾರಗಟ್ಟಲೆ ಕತ್ತರಿ ಮುಟ್ಟಿಸಲು ಧೈರ್ಯ ಬರಲಿಲ್ಲ. ಕೊನೆಗೆ ಅವ್ವನೇ ಹೇಳಿದಳು: "ಅಡ್ಡ ಹಿಡಿ. ಅಂಚು ಕೆಳಗೆ ಬರಲಿ, ಮೇಲೆ ನೆರಿಗೆ ಹಿಡಿ. ನಿನ್ನ ಪರಕಾರಗಳನ್ನೆಲ್ಲ ನಾನು ಹಾಗೆಯೇ ಹೊಲಿಸಿದ್ದು." ಕುಪ್ಪಸದ ತುಂಡುಗಳ ಬದಲು ಎರಡೂವರೆ ಮೀಟರಿನ ಒಂದೇ ತುಂಡು ಕಳುಹಿಸಿದ್ದಳು, ಪನ್ನೆಯೇ ಲಂಗದ ಉದ್ದವಾಯಿತು, ಮೀನಖಂಡದವರೆಗೆ. ಅಂಚೇ ಕೊನೆಯಾದ್ದರಿಂದ ಕೆಳಗೆ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಕಚೇರಿಗೆ ಉಟ್ಟುಕೊಂಡು ಹೋದ ದಿನ ಸಹೋದ್ಯೋಗಿಯೊಬ್ಬಳು ಎಲ್ಲಿ ಕೊಂಡದ್ದು ಎಂದು ಕೇಳಿದಳು. ಗುಳೇದಗುಡ್ಡ ಎಂಬ ಹೆಸರನ್ನು ನಿಧಾನವಾಗಿ, ಮೂರು ಸಲ ಹೇಳಿಕೊಟ್ಟೆ.

ರಾತ್ರಿ ಹತ್ತರ ನಂತರ ಯಂತ್ರ ಓಡಿಸುವಂತಿಲ್ಲ, ಕಟ್ಟಡದಲ್ಲಿ ಸದ್ದು ಮಾಡಬಾರದ ಹೊತ್ತು. ಆಗ ಕೈಹೊಲಿಗೆ, ಗುಂಡಿ, ಕಾಜಾ.

ಎಲ್ಲವನ್ನೂ ಒಬ್ಬಳೇ ಮಾಡಿಕೊಳ್ಳಬಹುದು, ಒಂದನ್ನು ಬಿಟ್ಟು. ಅರ್ಧವೃತ್ತದ ಲಂಗದ ಬಟ್ಟೆ ಅಲ್ಲಲ್ಲಿ ಕ್ರಾಸ್, ಅಂದರೆ ಎಳೆಗೆ ಓರೆಯಾಗಿ, ಬರುತ್ತದೆ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅಂಚು ಮಡಿಚುವ ಮೊದಲು ಎರಡು ದಿನ ತೂಗುಹಾಕಬೇಕು. ಆಮೇಲೆ ಉಟ್ಟು ನಿಲ್ಲಬೇಕು, ಇನ್ನೊಬ್ಬರು ನೆಲದಿಂದ ಅಳೆದು ಸುತ್ತ ಗುರುತು ಹಾಕಬೇಕು. ಬಗ್ಗಿ ನಾವೇ ಅಳೆದರೆ ಲಂಗವೂ ನಮ್ಮ ಜೊತೆ ಬಗ್ಗುತ್ತದೆ. ಅಜ್ಜಿಗೆ ಮಂಡಿ ಊರಲು ಆಗುವುದಿಲ್ಲ. ಅದಕ್ಕೇ ಅವರು ಕುರ್ಚಿಯಲ್ಲಿ ಕೂರುತ್ತಾರೆ, ನಾನು ಮೇಜು ಹತ್ತಿ ನಿಲ್ಲುತ್ತೇನೆ. ಅವರ ಕೈಯಲ್ಲಿ ಮರದ ಅಳತೆಪಟ್ಟಿ, ಸೀಮೆಸುಣ್ಣ. ಸ್ವಲ್ಪ ತಿರುಗಿ ಎನ್ನುತ್ತಾರೆ, ತಿರುಗುತ್ತೇನೆ.

ಬಾಗಿಲ ಹಿಂದೆ ಹಸಿರು ಲಂಗವೊಂದು ನಿನ್ನೆಯಿಂದ ತೂಗುತ್ತಿದೆ. ನಾಳೆ ಸಂಜೆ ಐದಕ್ಕೆ ಬರುತ್ತೇನೆ ಎಂದಿದ್ದಾರೆ.