ಕತ್ತಲೆಕಾನಿನ ಎರಡು ಗೇರು

"ಮುಟ್ಟಡ ತಮಾ!" ಎಂದು ಮಾವ ಕೂಗುವಷ್ಟರಲ್ಲಿ ನನ್ನ ಕೈ ಮರದ ಮೇಲಿತ್ತು. ಕಾಲು ಜಾರಿತ್ತು. ಹಿಡಿಯಲು ಸಿಕ್ಕಿದ್ದು ಅದೊಂದೇ. ತೊಗಟೆಯ ಮೇಲೆ ಡಾಂಬರು ಸುರಿದಂಥ ಕಪ್ಪು ಕಲೆಗಳಿದ್ದವು.

ಜೋಗದಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿ, ಮಲೆಮನೆಯ ಹತ್ತಿರ ಕತ್ತಲೆಕಾನು ಸಿಗುತ್ತದೆ. ಸಿದ್ದಾಪುರ ತಾಲೂಕಿನ ಕಾಡು. ಮಟಮಟ ಮಧ್ಯಾಹ್ನವೂ ಒಳಗೆ ಮಬ್ಬು. ಅನುಮತಿ ಪಡೆದು ನಾವು ಹೋಗಿದ್ದು ರಾಂಪತ್ರೆ ಜಡ್ಡಿ, ಅಂದರೆ ರಾಂಪತ್ರೆ ಮರಗಳ ಜೌಗು ನೆಲ ನೋಡೋಕೆ. ಅಲ್ಲಿ ಮರಗಳ ಬೇರು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದಿರುತ್ತವೆ.

ಬಾಟಲಿಯ ನೀರು, ಸೋಪು ಹಾಕಿ ಮಾವ ನನ್ನ ಕೈ ತೊಳೆಸಿದರು. ಆಮೇಲೆ ಮರದ ಪರಿಚಯ ಮಾಡಿಸಿದರು. ಹೊಲಗೇರು. ಮಾವು, ಗೋಡಂಬಿಯದೇ ಕುಟುಂಬ. ಇದರ ಸೊನೆ ಗಾಳಿ ತಾಗಿದರೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಉರಿ, ಬೊಕ್ಕೆ. ಬಿದ್ದಿದ್ದ ಎಲೆಯೊಂದನ್ನು ಕಡ್ಡಿಯಿಂದ ಮಗುಚಿ ತೊಟ್ಟು ತೋರಿಸಿದರು. ಅದರ ಮೇಲೆ ಪುಟ್ಟ ಕೊಂಬಿನಂಥ ಎರಡು ಮೊನೆ. ಗುರುತು ಹಿಡಿಯೋಕೆ ಅಷ್ಟು ಸಾಕು.

ಸಸ್ಯಶಾಸ್ತ್ರದಲ್ಲಿ ಈ ಕುಲದ ಹೆಸರು ಹೋಲಿಗಾರ್ನಾ. ನಮ್ಮ ಕನ್ನಡದ ಹೆಸರಿನಿಂದಲೇ ಹುಟ್ಟಿದ್ದು! 1801ರಲ್ಲಿ ಕೆನರಾ ಸೀಮೆ ತಿರುಗಿದ ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ಫ್ರಾನ್ಸಿಸ್ ಬುಕಾನನ್ ಕೊಟ್ಟ ಹೆಸರು ಅದು. ದಾರಿ ತೋರಿಸಿದ ಯಾರೋ ಹಳ್ಳಿಯವರ ಬಾಯಿಂದಲೇ ಅವನು ಕೇಳಿರಬೇಕು, ಅಲ್ವಾ? ಹಾಗಂದುಕೊಂಡಾಗ ನನಗೆ ಮೈ ಜುಮ್ಮೆಂದಿತು.

ಜಡ್ಡಿಯ ಅಂಚಿನಲ್ಲಿ ಮಾವ ಇನ್ನೊಂದು ಗೇರು ತೋರಿಸಿದರು. ಹೊಲಗೇರಿನ ನೆಂಟ. ದೊಡ್ಡ ಎಲೆ, ನೇರ ಕಾಂಡ. ಇದನ್ನು ಹೊಸ ಪ್ರಭೇದ ಎಂದು ವಿಜ್ಞಾನಿಗಳು ವಿವರಿಸಿದ್ದು 2000ದಲ್ಲಿ. ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಒಂದು ಗೇರಿಗೆ ನಮ್ಮ ಭಾಷೆ, ಇನ್ನೊಂದಕ್ಕೆ ಈ ಕಾಡು! ಉಳಿದಿರುವ ಮರಗಳು ತೀರಾ ಕಡಿಮೆ. ಗಂಡು ಹೆಣ್ಣು ಬೇರೆ ಬೇರೆ ಮರ, ಹತ್ತಿರದಲ್ಲಿ ಜೋಡಿ ಇಲ್ಲದಿದ್ದರೆ ಬೀಜವೇ ಇಲ್ಲ. ಜಡ್ಡಿಯನ್ನು ಅಗೆದು ತೋಟ ಮಾಡಿದರೆ ಅದೂ ಮುಗಿಯಿತು. ಮಾವ ಅಲ್ಲಿಂದ ಬೇಗ ಏಳಲಿಲ್ಲ. ನಾನೂ ಸುಮ್ನೆ ಕೂತೆ.

ಬೊಕ್ಕೆ ಎದ್ದಿದ್ದು ಎರಡು ದಿನ ಕಳೆದು, ಬೆಂಗಳೂರಿನಲ್ಲಿ. ವೈದ್ಯರು ಮುಲಾಮು ಕೊಟ್ಟರು. ರಾತ್ರಿ ತುರಿಕೆ ಜಾಸ್ತಿ, ನಿದ್ದೆಯೇ ಇಲ್ಲ. ವಾರ ಕಳೆದ ಮೇಲೆ ಮಾವ ಫೋನ್ ಮಾಡಿದರು.

"ತುರಿಕೆ ಕಮ್ಮಿ ಆತಾ?"

"ಆತು ಮಾವ. ಆ ಜಡ್ಡಿ ಗೇರು ಕಾಯಿ ಬಿಟ್ರೆ ಹೇಳಿ, ಬರ್ತೆ."