ಜನವರಿ 1ರ ಮುನಿಯಮ್ಮ

ಇವತ್ತು ಕೋಲಾರ ಕಡೆಯ ಒಂದು ಬಿಪಿ-ಶುಗರ್ ರೋಗಿಗಳ ಪಟ್ಟಿ ನೋಡ್ತಿದ್ದೆ. ಒಂದೇ ಊರಲ್ಲಿ ‘ಮುನಿಯಮ್ಮ, 70’ ಎರಡು ಸಲ, ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ಬೇರೆ.

ಒಬ್ಬರೋ, ಇಬ್ಬರೋ?

ಹುಟ್ಟಿದ ದಿನ ನೋಡೋಣ ಅಂದ್ರೆ ಎರಡರಲ್ಲೂ ಜನವರಿ 1. ಅಂದಾಜಿನ ವಯಸ್ಸು ಬರೆಸಿದ ಎಷ್ಟೋ ಹಿರಿಯರಿಗೆ ಇದೇ ದಿನ. ಫೋನ್ ನಂಬರ್ ಮಗನದ್ದು, ಮನೆಮಂದಿಗೆಲ್ಲ ಅದೊಂದೇ.

14 ಅಂಕಿಯ ಆಭಾ ನಂಬರ್ (ಒಬ್ಬೊಬ್ಬರಿಗೂ ಬೇರೆ ಬೇರೆ ಇರೋ ಆರೋಗ್ಯ ಖಾತೆ ಸಂಖ್ಯೆ) ಇದ್ದಿದ್ರೆ ಸಲೀಸು. ಆ ಕಾಲಂ ಖಾಲಿ ಇದ್ರೆ ಗಂಡನ ಹೆಸರು, ಊರು, ಮನೆ ಎಲ್ಲ ಸೇರಿಸಿ ಹೊಂದಿಸಬೇಕು. ಆಗಲೂ ಅನುಮಾನ ಉಳಿದ ಜೋಡಿಗಳನ್ನ ಕಂಪ್ಯೂಟರ್‌ಗೆ ಬಿಡಬಾರದು, ಆ ಊರಿನ ಆಶಾ ಅಕ್ಕನ್ನ ಕೇಳಬೇಕು.

ತಪ್ಪಾಗಿ ಜೋಡಿಸಿದ್ರೆ ಒಬ್ಬರ ಶುಗರ್ ಇನ್ನೊಬ್ಬರ ಖಾತೆಗೆ. ಜೋಡಿಸದೇ ಬಿಟ್ರೆ, ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳು ತಿಂಗಳೂ ಮಾತ್ರೆ ತಗೊಳ್ತಿರೋ ಅಜ್ಜಿ, ಪಿಎಚ್‌ಸಿ ಲೆಕ್ಕದಲ್ಲಿ ‘ಚಿಕಿತ್ಸೆ ಬಿಟ್ಟವರು’.