ಅಹ್ಮದ್ ಖಾನ್ ಯಾರ ಕಡೆಯವರು?

ಬೆಂಗಳೂರಿನ ಅಹ್ಮದ್ ಖಾನ್ ತೀರಿಕೊಂಡದ್ದು 2017ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ. ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕಾಗಿ ಫುಟ್‌ಬಾಲ್ ಆಡಿದ ಈ ಮಹನೀಯರ ಹೆಸರನ್ನು ಕಳೆದ ಭಾನುವಾರ ಕೊಡಗಿನ ಅಮ್ಮತ್ತಿ ಸಮೀಪದ ನಮ್ಮೂರಿನ ಕೆಸರುಗದ್ದೆ ಕ್ರೀಡಾಕೂಟದ ಮೈಕಿನಲ್ಲಿ ಕೇಳಿದಾಗ ಆದ ಸಂತೋಷ, ಅದರ ಬೆನ್ನಿಗೇ ಬಂದ ಸಂಕಟ, ಎರಡೂ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ.

ಫೈನಲ್‌ಗೆ ಮೊದಲಿನ ಬಿಡುವಿನಲ್ಲಿ ಮೂವರು ಹಿರಿಯರು, ಹಳೆಯ ಪತ್ರಿಕೆಯಿಂದ ಹಿಗ್ಗಿಸಿ ಮುದ್ರಿಸಿ ಫ್ರೇಮು ಹಾಕಿಸಿದ್ದ ಅಹ್ಮದ್ ಖಾನರ ಒಂದು ಬರಿಗಾಲಿನ ಚಿತ್ರವನ್ನು ಬಹುಮಾನಗಳ ಮೇಜಿನ ಮೇಲಿಟ್ಟು ಹೂವೇರಿಸಿದರು. ಅವರಲ್ಲೊಬ್ಬರು ಮೈಕಿನಲ್ಲಿ ಕೆಲವೇ ಮಾತುಗಳನ್ನಾಡಿದರು. ಅದಕ್ಕೂ ಮೊದಲು ಮುಖ್ಯ ಅತಿಥಿಗಳು ತಾವು ಊರಿಗೆ ಮಾಡಿದ ಉಪಕಾರಗಳನ್ನು ಸಾವಕಾಶವಾಗಿ ವಿವರಿಸಿದ್ದರಿಂದ ಹಿರಿಯರಿಗೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಇದು ಸರಿಯಲ್ಲವೆಂದು ನಾನು ಕ್ರೀಡಾಕೂಟ ನಡೆಸುವ ಸಂಘದವರಿಗೆ ಅಲ್ಲಿಯೇ ಹೇಳಿದೆ, ಇಲ್ಲಿಯೂ ಹೇಳುತ್ತಿದ್ದೇನೆ.

ಹದಿನಾಲ್ಕು ವರ್ಷದೊಳಗಿನವರ ಪಂದ್ಯದಲ್ಲಿ ಆಗಷ್ಟೇ ಗೆದ್ದು, ಮೊಣಕಾಲಿನವರೆಗೂ ಕೆಸರು ಮೆತ್ತಿಕೊಂಡಿದ್ದ ಒಬ್ಬ ಹುಡುಗ ಮೇಜಿನ ಹತ್ತಿರ ಬಂದು ಆ ಚಿತ್ರವನ್ನು ತುಸು ಹೊತ್ತು ನೋಡಿದ.

“ತಾತ, ಇವರೂ ಕೆಸರುಗದ್ದೆ ಪ್ಲೇಯರಾ?”

“ಅಲ್ಲ ಮಗ. ಒಲಿಂಪಿಕ್ಸ್ ಆಡಿದವರು.”

“ಒಲಿಂಪಿಕ್ಸಲ್ಲಿ ಬೂಟಿಲ್ಲದೆ ಬಿಡ್ತಾರಾ?”

“ಆಗ ಬಿಡ್ತಿದ್ದರು.”

“ಗೆದ್ದ್ರಾ?”

“ಇಲ್ಲ, ಸೋತರು. ಆದರೆ...” ಎಂದು ಹಿರಿಯರು ಆರಂಭಿಸುವಷ್ಟರಲ್ಲಿ ಫೈನಲ್ ತಂಡಗಳನ್ನು ಕರೆಯುವ ಘೋಷಣೆಯಾಗಿ, ಹುಡುಗ ಗದ್ದೆಯ ಬದುವಿನ ಕಡೆಗೆ ಓಡಿಬಿಟ್ಟ. ಹುಡುಗನ ಪ್ರಶ್ನೆಗಳಲ್ಲಿ ಯಾವ ತಪ್ಪೂ ಇಲ್ಲ. ಬರಿಗಾಲಿನ ಆಟಗಾರನನ್ನು ಅವನು ಕಂಡದ್ದು ನಾಟಿ ಮಾಡದೆ ಆಟಕ್ಕೆಂದು ಬಿಟ್ಟ ಗದ್ದೆಯಲ್ಲಿ ಮಾತ್ರ. ಆ ಹಿರಿಯರ ಮಾತು ಅರ್ಧಕ್ಕೇ ನಿಂತದ್ದು ಮಾತ್ರ ನನ್ನ ಮನಸ್ಸಿನಲ್ಲಿ ಮತ್ತೆ ಮತ್ತೆ ಸುಳಿಯುತ್ತಿದೆ. ಅದನ್ನು ಮುಂದುವರಿಸಿದ್ದರೆ ಅವರು ಏನು ಹೇಳಬಹುದಿತ್ತು?

1948ರ ಜುಲೈ 31ರಂದು ಲಂಡನ್ನಿನ ಇಲ್ಫರ್ಡ್‌ನಲ್ಲಿ ಸ್ವತಂತ್ರ ಭಾರತದ ತಂಡ ಮೊದಲ ಬಾರಿಗೆ ಒಲಿಂಪಿಕ್ಸ್ ಫುಟ್‌ಬಾಲ್ ಆಡಿತು. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರ ಕಾಲಿನಲ್ಲಿ ಬೂಟುಗಳಿರಲಿಲ್ಲ. ಎರಡು ಪೆನಾಲ್ಟಿ ಅವಕಾಶಗಳು ವ್ಯರ್ಥವಾಗಿ, ಸಾರಂಗಪಾಣಿ ರಾಮನ್ ಹೊಡೆದ ಒಂದು ಗೋಲಿನೊಡನೆ ಭಾರತ 1-2ರಿಂದ ಸೋತಿತು. ಆ ಪೆನಾಲ್ಟಿಗಳು ಗೋಲಾಗಿದ್ದರೆ ಎಂದು ಹಳಬರು ಇವತ್ತಿಗೂ ಕೈ ಹಿಸುಕಿಕೊಳ್ಳುವುದನ್ನು ನಾನು ಕಂಡಿದ್ದೇನೆ. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ನಮ್ಮನ್ನು 10-1ರಿಂದ ಸೋಲಿಸಿತು. ಆ ಪಂದ್ಯದ ಬಗ್ಗೆ ಬರೆಯುವವರೆಲ್ಲರೂ ಹತ್ತನ್ನು ಮರೆಯದೆ ಬರೆಯುತ್ತಾರೆ. ಆ ಒಂದು ಯಾರದೆಂದು ಬರೆಯುವವರು ಕಡಿಮೆ. ಅದು ಅಹ್ಮದ್ ಖಾನರ ಗೋಲು. ಆ ಬಾರಿ ಬೆಳ್ಳಿ ಗೆದ್ದ ತಂಡದೆದುರು, ಪಂದ್ಯ ಕೈತಪ್ಪಿ ಬಹಳ ಹೊತ್ತಾದ ಮೇಲೂ, ಆಟ ಮುಗಿಯುವ ಗಳಿಗೆಯವರೆಗೆ ಗೋಲಿಗಾಗಿ ಓಡುತ್ತಿದ್ದ ಆಟಗಾರನನ್ನು ಸೋತವನೆಂದು ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಸಾಧ್ಯವಿಲ್ಲ. ಇವೆರಡರ ನಡುವೆ, 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು.

ಆದರೆ ಅವರ ನಿಜವಾದ ವೈಭವವೆಲ್ಲ ಕಲ್ಕತ್ತದಲ್ಲಿ. 1949ರಲ್ಲಿ ಅಲ್ಲಿಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದ ಅವರು ಸುಮಾರು ಒಂದು ದಶಕ ಅಲ್ಲಿಯೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ ಈ ಐವರು ಮುಂಪಡೆಯ ಆಟಗಾರರನ್ನು ಅಲ್ಲಿಯ ಜನ ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದವರು, ಕಲ್ಕತ್ತದ ತಂಡವೊಂದರ ಮುಂಪಡೆ ಹಾಗಿದ್ದ ಕಾಲವೊಂದಿತ್ತೆಂಬುದನ್ನು ಇಂದಿನ ಹುಡುಗರು ನಂಬಲಿಕ್ಕಿಲ್ಲ. ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಎಂಬ ಮೂರು ಪಂದ್ಯಾವಳಿಗಳನ್ನೂ ಆ ತಂಡ 1949ರ ಒಂದೇ ವರ್ಷದಲ್ಲಿ ಗೆದ್ದಿತು. ಶೀಲ್ಡನ್ನು 1951ರವರೆಗೆ ಸತತ ಮೂರು ವರ್ಷ ತನ್ನಲ್ಲೇ ಉಳಿಸಿಕೊಂಡಿತು.

ಚಿತ್ರಕ್ಕೆ ಹೂವೇರಿಸಿದ ಮೂವರಲ್ಲಿ ಅಹ್ಮದ್ ಖಾನರ ಆಟವನ್ನು ಕಣ್ಣಾರೆ ಕಂಡವರು ಒಬ್ಬರೇ, ಹುಡುಗನಿಗೆ ಉತ್ತರ ಹೇಳುತ್ತಿದ್ದವರು. ಅವರಿಗೀಗ ಎಂಬತ್ತೈದು ದಾಟಿದೆ. ಅವರ ತಂದೆ ಸೈನ್ಯದಲ್ಲಿದ್ದರು; ಕಲ್ಕತ್ತದ ಫೋರ್ಟ್ ವಿಲಿಯಂನಲ್ಲಿ ತಂದೆಯಿದ್ದಾಗ ಎದುರಿನ ಮೈದಾನದ ಪಂದ್ಯಗಳಿಗೆ ಮಗನನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಮರುದಿನ ನಾನು ಅವರ ಮನೆಗೆ ಹೋಗಿ, ತೋಟದ ಕೆಲಸಗಳ ನಡುವೆಯೇ ಅವರನ್ನು ಮಾತಿಗೆಳೆದೆ. ಕುದುರೆ ಪೊಲೀಸರ ಸಾಲು, ಟಿಕೆಟ್ ಸಿಗದೆ ಹೊರಗೆ ಕಾಯುತ್ತಿದ್ದ ಜನ, ಒಳಗಿನ ಕೂಗು ಕೇಳಿ ಗೋಲಾಯಿತೆಂದು ತಿಳಿಯುತ್ತಿದ್ದದ್ದು, ಇವನ್ನೆಲ್ಲ ಹೇಳಿದ ಮೇಲೆ ಅವರು ಎದ್ದು ನಿಂತು, ಅಂಗಳದಲ್ಲಿ ಬಿದ್ದಿದ್ದ ಒಂದು ಕಿತ್ತಳೆಯನ್ನು ಪಾದದಡಿಯಲ್ಲಿ ತಡೆದು ತೋರಿಸಿದರು. ಚೆಂಡು ಬಂದೊಡನೆ ಓಡುವವರು ಬೇರೆಯವರು. ಅಹ್ಮದ್ ಖಾನ್ ನಿಲ್ಲುತ್ತಿದ್ದರಂತೆ. ಎದುರಾಳಿ ಹತ್ತಿರ ಬರುವವರೆಗೆ ಚೆಂಡನ್ನು ಅಂಗಾಲಿನಲ್ಲಿ ಅತ್ತಿತ್ತ ಹೊರಳಿಸುತ್ತ, ಅವನು ಕಾಲು ಚಾಚಿದ ಕ್ಷಣದಲ್ಲಿ ಅವನ ಪಕ್ಕದಿಂದಲೇ ದಾಟಿಬಿಡುತ್ತಿದ್ದರಂತೆ. ಹಾವಾಡಿಗನೆಂದು ಅವರಿಗೆ ಹೆಸರು ಬಂದದ್ದು ಇದರಿಂದಲೇ. ಹುಡುಗನಿಗೆ ಹೇಳಬೇಕಾಗಿದ್ದದ್ದು ಇದೇ ಇರಬೇಕು. ಅಂಥ ಆಟವನ್ನು ಮೊಬೈಲಿನಲ್ಲಿ ತೋರಿಸೋಣವೆಂದು ಎಷ್ಟು ಹುಡುಕಿದರೂ ಒಂದು ನಿಮಿಷದ ದೃಶ್ಯವೂ ನನಗೆ ಸಿಗಲಿಲ್ಲ. ಆ ಹಿರಿಯರ ಪಾದವನ್ನು ಬಿಟ್ಟರೆ ಈ ಊರಿನಲ್ಲಿ ಅದಕ್ಕೆ ಬೇರೆ ಸಾಕ್ಷಿಯಿಲ್ಲ.

ಕೊಡಗಿನವರಿಗೆ ಆಟಗಾರರನ್ನು ನೆನಪಿನಲ್ಲಿಟ್ಟುಕೊಳ್ಳುವುದು ಗೊತ್ತಿಲ್ಲವೆಂದು ಯಾರೂ ಹೇಳಲಾರರು. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ ಪ್ರತಿ ಬಾರಿ ಒಂದೊಂದು ಒಕ್ಕದ, ಅಂದರೆ ಮನೆತನದ, ಹೆಸರಿನಲ್ಲಿ ನಡೆಯುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಒಕ್ಕವೊಂದು ಹಿಂದಿದ್ದರೆ ಆಟಗಾರನ ಹೆಸರು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆಂಬುದನ್ನು ನಾವು ಮಾಡಿ ತೋರಿಸಿದ್ದೇವೆ. ನನ್ನನ್ನು ಕಾಡುವುದು ಅಂಥ ಬೆಂಬಲವಿಲ್ಲದವರ ವಿಷಯ. ಬೆಂಗಳೂರಿನವರಿಗೆ ಅಹ್ಮದ್ ಖಾನ್ ಕಲ್ಕತ್ತಕ್ಕೆ ಹೋದವರು. ಕಲ್ಕತ್ತದವರಿಗೆ ಹೊರಗಿನಿಂದ ಬಂದು ಆಡಿ, ಕೊನೆಗೆ ತಮ್ಮ ಊರಿಗೆ ಮರಳಿದವರು. ಆದರೂ ಈಸ್ಟ್ ಬೆಂಗಾಲ್ ಅಭಿಮಾನಿಗಳೇ ಅವರನ್ನು ನಮಗಿಂತ ಹೆಚ್ಚು ನೆನೆಯುತ್ತಾರೆಂದು ಒಪ್ಪಿಕೊಳ್ಳಬೇಕು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಅಷ್ಟರಲ್ಲಿ ಅವರ ಆಟದ ದಿನಗಳು ಕಳೆದಿದ್ದವು. 2023ರಲ್ಲಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ನಾವೆಲ್ಲರೂ ಸಂಭ್ರಮಿಸಿದೆವು. ಆ ಸಂಭ್ರಮದಲ್ಲಿ, ಈ ನಾಡಿನಿಂದ ಹೋಗಿ ಲಂಡನ್ ಮತ್ತು ಹೆಲ್ಸಿಂಕಿಯಲ್ಲಿ ಆಡಿದವರ ಹೆಸರು ನನ್ನ ಸುತ್ತಮುತ್ತ ಒಬ್ಬರ ಬಾಯಲ್ಲಿಯೂ ಬರಲಿಲ್ಲ.

ಮುಂದಿನ ವರ್ಷದಿಂದ ಹದಿನಾಲ್ಕು ವರ್ಷದೊಳಗಿನವರ ಕಪ್ಪಿಗೆ ಅಹ್ಮದ್ ಖಾನರ ಹೆಸರಿಡಬೇಕೆಂದು ನಾನು ಸಂಘಕ್ಕೆ ಪತ್ರ ಕೊಟ್ಟಿದ್ದೇನೆ. ಅವರಿಗೂ ನಮ್ಮೂರಿಗೂ ಏನು ಸಂಬಂಧವೆಂದು ಒಬ್ಬ ಸದಸ್ಯರು ಕೇಳಿದರು. ಅವರು ಆಡುತ್ತಿದ್ದ ಕಾಲದಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, ಮೈಸೂರಿನೊಡನೆ ವಿಲೀನವಾದದ್ದೇ 1956ರ ನವೆಂಬರ್ 1ರಂದು ಎಂದೂ ಜ್ಞಾಪಿಸಿದರು. ಆ ಸದಸ್ಯರು ಓದಿಕೊಂಡವರು, ಊರಿನ ಕೆಲಸಕ್ಕೆ ಹಿಂಜರಿಯದವರು. ಅವರು ಹೇಳಿದ ಚರಿತ್ರೆಯೂ ಸರಿಯಾಗಿದೆ. ಆದರೆ ಇಲ್ಫರ್ಡ್‌ನಲ್ಲಿ ಬೂಟಿಲ್ಲದೆ ನಿಂತ ಆ ತಂಡ ಮೈಸೂರಿನದಾಗಿರಲಿಲ್ಲ, ಬಂಗಾಳದ್ದೂ ಆಗಿರಲಿಲ್ಲ, ಮತ್ತು ಅದರ ನಾಯಕ ತಾಲಿಮೆರೆನ್ ಆವೊ ನಾಗಾ ಬೆಟ್ಟಗಳವರು. ಅಂಥ ತಂಡದ ಆಟಗಾರನೊಬ್ಬನಿಗೂ ನಮ್ಮ ಗದ್ದೆಗೂ ಸಂಬಂಧವಿದೆಯೆಂದು ತೋರಿಸಲು ವಂಶಾವಳಿ ಬೇಕಾಗಿಲ್ಲ. ಕಪ್ಪಿನ ಖರ್ಚನ್ನು ತಾವೇ ಹೊರುತ್ತೇವೆಂದು ಮೂವರು ಹಿರಿಯರೂ ಹೇಳಿದ್ದಾರೆ. ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಸಂಘದ ಸಭೆಯಿದೆ, ಅಲ್ಲಿ ಮಾತನಾಡಲು ನಾನು ಸಮಯ ಕೇಳಿದ್ದೇನೆ.